ಜಗಲಿಯ ಮಾತು: ಓಟು ಕೇಳಲು ಬಂದವರೊಡನೆ ನೀರಿನ ಮಾತು

ಚುನಾವಣೆ ಎಂದ ಕೂಡಲೇ "ಅದು ಗಂಡಸರ ಪಂಚಾತಿಕೆ, ನಮಗೇಕೆ?" ಎಂದು ಒಗ್ಗರಣೆ ಸೌಟು ಹಿಡಿದು ಒಳಗೆ ನಡೆಯುವ ಅಕ್ಕ-ತಂಗಿಯರು ನಮ್ಮಲ್ಲಿ ಇನ್ನೂ ಕಡಮೆಯಿಲ್ಲ. ನಡೆಯಿರಿ, ಬೇಡವೆನ್ನುವುದಿಲ್ಲ. ಆದರೆ ಹಾಗೆ ಒಳಗೆ ಹೋದವರು ಹಿತ್ತಿಲಿಗೂ ಹೋಗಿ ಒಮ್ಮೆ ಬಾವಿಗೆ ಬಗ್ಗಿ ನೋಡಿ ಬನ್ನಿ. ಎಪ್ರಿಲ್ ತಿಂಗಳಿನಲ್ಲಿ ಕೊಡಪಾನದ ಹಗ್ಗ ಎಷ್ಟು ಉದ್ದ ಬೇಕಾಗುತ್ತದೆ, ನಿಮ್ಮ ಅತ್ತೆಯವರ ಕಾಲದಲ್ಲಿ ಎಷ್ಟು ಬೇಕಾಗುತ್ತಿತ್ತು? ಈ ಲೆಕ್ಕ ಮನೆಯ ಯಜಮಾನರಿಗೆ ಗೊತ್ತಿರುವುದಿಲ್ಲ. ಪಂಪಿನ ಸ್ವಿಚ್ಚು ಒತ್ತಿ ಪೇಟೆಗೆ ಹೋಗುವವರಿಗೆ ಬಾವಿಯ ತಳ ಎಲ್ಲಿ ಕಾಣುತ್ತದೆ! ಪಾತ್ರೆ ತಿಕ್ಕುವವರಿಗೆ ಗೊತ್ತು. ಹಾಗಿರುವಾಗ ನೀರು, ಮಣ್ಣು, ಕಸ, ಕಾಡು ಇವುಗಳ ವಿಚಾರದಲ್ಲಿ ಅಭ್ಯರ್ಥಿಗಳನ್ನು ಪ್ರಶ್ನೆ ಮಾಡಬೇಕಾದವರು ನಾವಲ್ಲದೆ ಇನ್ನಾರು, ನೀವೇ ಹೇಳಿ.

ನನ್ನನ್ನು ಕೊಟ್ಟದ್ದು ಬಂಟ್ವಾಳಕ್ಕೆ, ತವರು ಬೆಳ್ತಂಗಡಿ ಕಡೆ, ತಂಗಿ ಇರುವುದು ಮೂಡುಬಿದಿರೆಯಲ್ಲಿ. ಹೀಗಾಗಿ ಮೂರೂ ಕಡೆಯ ಚುನಾವಣೆಯ ಚೀಟಿಗಳು ನಮ್ಮ ಮನೆಗೆ ಹೇಗೋ ಬಂದು ಸೇರುತ್ತವೆ. ನಾನು ಅವನ್ನು ಬಿಸಾಡುವುದಿಲ್ಲ, ಒಂದು ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ಹಾಕಿಡುತ್ತೇನೆ. ಮೊನ್ನೆ ಮಳೆ ಹಿಡಿದ ಮಧ್ಯಾಹ್ನ ಎಲ್ಲವನ್ನೂ ತೆಗೆದು ಓದಿದೆ. ಪಕ್ಷ ಯಾವುದಾದರೂ ಆಗಲಿ, ಅನುಕ್ರಮಣಿಕೆ ಒಂದೇ! ಮೊದಲು ಕಾಂಕ್ರೀಟು ರಸ್ತೆ, ಆಮೇಲೆ ಪೇಟೆ ನಡುವಿಗೆ ದೊಡ್ಡ ದೀಪದ ಕಂಬ, ಆಮೇಲೆ ಸಮುದಾಯ ಭವನ, ರುದ್ರಭೂಮಿ, ಬಸ್ಸು ತಂಗುದಾಣ. ಕಟ್ಟಕಡೆಗೆ, ಮುದ್ರಣಾಲಯದ ಹೆಸರಿನ ಮೇಲಿನ ಸಾಲಿನಲ್ಲಿ, "ಪರಿಸರ ಸಂರಕ್ಷಣೆಗೆ ಆದ್ಯತೆ." ಅಷ್ಟೇ. ಯಾವ ಪರಿಸರ, ಯಾವ ತೋಡು, ಯಾವ ಗುಡ್ಡೆ, ಯಾರಿಂದ ಸಂರಕ್ಷಣೆ, ಒಂದು ಮಾತಿಲ್ಲ. ಉಪ್ಪಿನಕಾಯಿಯ ವಿಧಾನ ಬರೆಯುವಾಗ "ರುಚಿಗೆ ಆದ್ಯತೆ" ಎಂದಷ್ಟೇ ಬರೆದು ಕೈತೊಳೆದುಕೊಂಡರೆ ನೀವು ಸುಮ್ಮನಿರುತ್ತಿದ್ದಿರಾ? ಉಪ್ಪು ಎಷ್ಟು, ಮೆಣಸು ಎಷ್ಟು ಎಂದು ಪತ್ರ ಬರೆದು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಿರಿ.

2019ನೇ ವರ್ಷವನ್ನು ನೆನಪು ಮಾಡಿಕೊಳ್ಳಿ. ಆ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ, ಧರ್ಮಸ್ಥಳಕ್ಕೆ ಬರುವ ಯಾತ್ರೆಯನ್ನು ಸ್ವಲ್ಪ ಮುಂದೂಡಿ ಎಂದು ಸ್ವತಃ ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನು ಕೇಳಿಕೊಳ್ಳಬೇಕಾಯಿತು. ಹೊಳೆಯ ದಂಡೆಯಲ್ಲಿರುವ ಕ್ಷೇತ್ರದಲ್ಲಿ ನೀರಿಲ್ಲ! ಮೂರು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟಿನಲ್ಲಿ, ಅದೇ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ, ಮಿತ್ತಬಾಗಿಲು ಕಡೆ ಗುಡ್ಡ ಜರಿದು, ಹೊಳೆ ದಾರಿ ತಪ್ಪಿ, ಅಡಿಕೆ ತೋಟಗಳ ಮೇಲೆ ಮರಳು, ಮರದ ದಿಮ್ಮಿ, ಬಂಡೆಗಳು ಬಂದು ಬಿದ್ದವು. ಚಾರ್ಮಾಡಿ ಘಾಟಿಯ ರಸ್ತೆ ಕಡಿದು ಹೋಯಿತು. ಅಜ್ಜಿಯಂದಿರು 1923ರ ಮಾರಿಬೊಳ್ಳದ ಕತೆ ಹೇಳುತ್ತಿದ್ದರು, ನಮ್ಮ ಅಮ್ಮಂದಿರು 1974ರಲ್ಲಿ ಬಂಟ್ವಾಳ ಪೇಟೆಗೆ ನುಗ್ಗಿದ ನೆರೆಯ ಕತೆ ಹೇಳುತ್ತಿದ್ದರು. ಬರ ಮತ್ತು ಬೊಳ್ಳ ಒಂದೇ ವರ್ಷದಲ್ಲಿ ಬಂದ ಕತೆಯನ್ನು ಹೇಳುವ ಸರದಿ ಈಗ ನಮ್ಮದು. ಗುಡ್ಡದ ಮೇಲೆ ನೀರು ಹಿಡಿದಿಡುವ ಕಾಡು ತೆಳುವಾದರೆ ಮಳೆಗಾಲದ ನೀರು ಒಮ್ಮೆಲೇ ಇಳಿದು ಹೋಗುತ್ತದೆ, ಬೇಸಗೆಗೆ ಉಳಿಯುವುದಿಲ್ಲ. ಇದಕ್ಕೆ ದೊಡ್ಡ ಓದು ಬೇಡ. ಹತ್ತಿಯ ಬಟ್ಟೆಯ ಮೇಲೆ ಒಂದು ಚೊಂಬು ನೀರು ಹೊಯ್ಯಿರಿ, ಪ್ಲಾಸ್ಟಿಕ್ಕಿನ ಮೇಲೆ ಒಂದು ಚೊಂಬು ಹೊಯ್ಯಿರಿ, ತಿಳಿಯುತ್ತದೆ.

"ಹೊಳೆಯ ವಿಷಯ ದೊಡ್ಡವರದ್ದು, ಪಂಚಾಯತಿಯವರು ಏನು ಮಾಡಿಯಾರು?" ಎಂದು ನೀವು ಕೇಳಬಹುದು. ಒಂದರ್ಥದಲ್ಲಿ ಸರಿಯೇ. ಎತ್ತಿನಹೊಳೆ ಯೋಜನೆಯನ್ನೇ ನೋಡಿ. ಘಟ್ಟದ ಮೇಲಿನ ಹಳ್ಳಗಳಿಂದ 24 ಟಿ.ಎಂ.ಸಿ. ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಯೋಜನೆ. ಆ ನೀರು ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ನಮ್ಮ ಬಂಟ್ವಾಳದ ಮುಂದಿನಿಂದಲೇ ತುಂಬೆಗೆ, ಮಂಗಳೂರಿಗೆ ಹರಿಯಬೇಕಾದದ್ದು. 2012ರಲ್ಲಿ ಒಂದು ಪಕ್ಷದ ಸರಕಾರ ಮಂಜೂರು ಮಾಡಿತು, 2014ರಲ್ಲಿ ಇನ್ನೊಂದು ಪಕ್ಷದ ಸರಕಾರ ಶಂಕುಸ್ಥಾಪನೆ ಮಾಡಿತು. ಮೊದಲಿಗೆ 8,323 ಕೋಟಿ ರೂಪಾಯಿ ಎಂದಿದ್ದ ಖರ್ಚು ಏರುತ್ತ ಏರುತ್ತ 23,251 ಕೋಟಿಗೆ ಹೋಯಿತು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನವೇ, ಮೊದಲ ಹಂತದ ಉದ್ಘಾಟನೆಯೂ ಆಯಿತು. ಈ ಹನ್ನೆರಡು ವರ್ಷಗಳಲ್ಲಿ ಎಷ್ಟು ಚುನಾವಣೆ ಬಂದವು, ಎಷ್ಟು ಮಂದಿ ವೇದಿಕೆ ಹತ್ತಿ "ನೇತ್ರಾವತಿಯನ್ನು ಉಳಿಸುತ್ತೇವೆ" ಎಂದರು! ಇಲ್ಲಿ ಭಾಷಣ ಒಂದು, ಬೆಂಗಳೂರಿನಲ್ಲಿ ಸಹಿ ಇನ್ನೊಂದು. ಬಯಲುಸೀಮೆಯ ಅಕ್ಕಂದಿರಿಗೆ ಕುಡಿಯುವ ನೀರು ಬೇಡವೆಂದು ನಾನು ಹೇಳುತ್ತಿಲ್ಲ, ಅವರ ಕೊಡವೂ ನಮ್ಮ ಕೊಡದಂತೆಯೇ. ಆದರೆ ಬೇಸಗೆಯಲ್ಲಿ ನಮ್ಮ ಪಾಲಿಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಕೊಟ್ಟು ಮಾತನಾಡಿದ ಒಬ್ಬ ಅಭ್ಯರ್ಥಿಯೂ ನಮ್ಮ ಜಗಲಿಗೆ ಬರಲಿಲ್ಲ.

ಕಸ್ತೂರಿರಂಗನ್ ವರದಿಯದ್ದೂ ಇದೇ ಹಾಡು. 2013ರ ಆ ವರದಿಯನ್ನು ಹಿಡಿದು ಕೇಂದ್ರ ಸರಕಾರ 2014ರಿಂದ 2024ರ ತನಕ ಮತ್ತೆ ಮತ್ತೆ ಕರಡು ಹೊರಡಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ನೆರಿಯ, ಶಿಶಿಲ, ಮಲವಂತಿಗೆ, ಚಾರ್ಮಾಡಿಯಂಥ ನನ್ನ ತವರಿನ ಕಡೆಯ ಊರುಗಳ ಜನ ಹತ್ತು ವರ್ಷ ನಿದ್ದೆಗೆಟ್ಟರು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಅದನ್ನು ತಿರಸ್ಕರಿಸಿತು. ಅಭ್ಯರ್ಥಿಗಳೆಲ್ಲ ಒಂದೇ ಸ್ವರದಲ್ಲಿ "ವರದಿ ಬರಲು ಬಿಡುವುದಿಲ್ಲ" ಎಂದದ್ದೇ ಎಂದದ್ದು. ಅದರಲ್ಲಿ ಏನುಂಟು ಎಂದು ಬಿಡಿಸಿ ಹೇಳಿದವರು ಯಾರು? ಗಣಿ, ಕಲ್ಲುಕೋರೆ, ಮರಳು ತೆಗೆಯುವುದು, ವಿಷಕಾರುವ ಕೈಗಾರಿಕೆ, 20,000 ಚದರ ಮೀಟರಿಗೂ ಮಿಕ್ಕಿದ ಕಟ್ಟಡ, ಇವಕ್ಕೆ ತಡೆ. ಅಡಿಕೆ ತೋಟ ಮಾಡಬಾರದು, ದನ ಕಟ್ಟಬಾರದು, ಮನೆ ಬಿಟ್ಟು ಹೋಗಬೇಕು ಎಂದು ಇರಲಿಲ್ಲ. ಹಾಗೆಂದು ಕಾಡಂಚಿನವರ ಹೆದರಿಕೆ ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಸಿಕ್ಕಿಬಿದ್ದ ಮನೆಗಳವರು ಒಂದು ರಸ್ತೆಗೆ, ಒಂದು ಕರೆಂಟು ಕಂಬಕ್ಕೆ ಎಷ್ಟು ವರ್ಷ ಅಲೆದಿದ್ದಾರೆ ಎಂಬುದನ್ನು ಕಂಡವಳು ನಾನು. ಹೆರಿಗೆ ನೋವು ಬಂದವಳನ್ನು ಹೊತ್ತು ನಡೆದ ಮನೆಗಳು ಅಲ್ಲಿ ಉಂಟು. ಕಾಡೂ ಉಳಿಯಬೇಕು, ಆ ಬಾಣಂತಿಯೂ ಉಳಿಯಬೇಕು. ಎರಡನ್ನೂ ಹೇಗೆ ಮಾಡುತ್ತೀರಿ ಎಂಬುದಕ್ಕೆ ಉತ್ತರವಿರುವ ಅಭ್ಯರ್ಥಿ ಬಂದರೆ ನನ್ನ ತವರಿನವರ ಓಟು ಅವನಿಗೇ ಹೋಗಲಿ.

ಈಗ ನಮ್ಮ ಪಂಚಾಯತಿಗೆ ಬರೋಣ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿ ಚುನಾವಣೆಯಾಯಿತಲ್ಲ, ಆಗ ಒಬ್ಬರು ಅಭ್ಯರ್ಥಿ ನಾಲ್ಕು ಜನರೊಡನೆ ನಮ್ಮಲ್ಲಿಗೂ ಬಂದಿದ್ದರು. ದೂರದಿಂದ ನೆಂಟರೇ. ಮಾತೆಲ್ಲ ತುಳುವಿನಲ್ಲಿ ನಡೆದದ್ದು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅಕ್ಕಾ, ಈ ಸಲ ನಮಗೇ ಅಲ್ವಾ?"

"ಕೂತುಕೊಳ್ಳಿ ಮಾರಾಯ್ರೆ, ಬೆಲ್ಲ-ನೀರು ಕುಡಿಯಿರಿ. ಒಂದು ವಿಷಯ ಕೇಳ್ಲಿಕ್ಕುಂಟು. ಕೆಳಗಿನ ತೋಡಿನ ಕಿಂಡಿ ಅಣೆಕಟ್ಟಿಗೆ ಈ ವರ್ಷ ಹಲಗೆ ಹಾಕುವವರು ಯಾರು?"

ಅವರು ಪಕ್ಕದವರ ಮುಖ ನೋಡಿದರು. ಪಕ್ಕದವರು ನೀರಿನ ಚೊಂಬು ನೋಡಿದರು.

ನೋಡಿ, ಲಕ್ಷಗಟ್ಟಲೆ ಹಣ ಸುರಿದು ಕಟ್ಟಿದ ಅಣೆಕಟ್ಟು. ಮಳೆ ನಿಂತು ಹರಿವು ಇಳಿದ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ, ಕಿಂಡಿಗಳಿಗೆ ಹಲಗೆ ಇಳಿಸಿ ನಡುವೆ ಮಣ್ಣು ತುಂಬಿದರೆ ಮಾತ್ರ ನೀರು ನಿಲ್ಲುವುದು. ಜನವರಿಯಲ್ಲಿ ಹಾಕಿದರೆ ಹರಿದು ಹೋದ ನೀರು ವಾಪಸು ಬರುತ್ತದೆಯೇ? ಮೊದಲು ಊರವರೇ ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ಸಲಕೆ ಹಾಕಿ ಕಟ್ಟ ಕಟ್ಟುತ್ತಿದ್ದರು. ಆ ದಿನ ಹತ್ತಿಪ್ಪತ್ತು ಜನರಿಗೆ ಗಂಜಿ ಬೇಯಿಸಿದ ನೆನಪು ನನ್ನ ಅತ್ತೆಯವರಿಗಿತ್ತು. ಕಟ್ಟ ನಿಂತರೆ ಮೇಲಿನ ಬಾವಿಗಳಲ್ಲಿ ನೀರಿನ ಮಟ್ಟ ಏರುತ್ತದೆ. ಕಾಂಕ್ರೀಟು ಬಂದ ಮೇಲೆ "ಸರಕಾರದ್ದಲ್ವಾ, ಅವರೇ ನೋಡಿಕೊಳ್ಳಲಿ" ಎಂದು ಎಲ್ಲರೂ ಕೈಬಿಟ್ಟರು. ಆ ಅಭ್ಯರ್ಥಿ ಗೆದ್ದರು. ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಮುಂದಿನ ವರ್ಷ ಡಿಸೆಂಬರಿನ ಮೊದಲ ವಾರದಲ್ಲೇ ಹಲಗೆ ಬಿತ್ತು. ಕೇಳಿದ್ದಕ್ಕೆ ಬಿತ್ತೋ, ತನ್ನಿಂದ ತಾನೇ ಬಿತ್ತೋ ನಾನು ಕಾಣೆ. ನಮ್ಮ ಬಾವಿಯಂತೂ ಆ ಸಲ ಎಪ್ರಿಲಿನ ಕೊನೆಯವರೆಗೂ ಬಂತು.

ಎಲ್ಲ ಪ್ರಶ್ನೆಯೂ ಇಷ್ಟು ಸುಲಭವಿಲ್ಲ. ಕೆಂಪುಕಲ್ಲಿನ ಕೋರೆಯ ವಿಷಯ ತೆಗೆದರೆ ನಮ್ಮ ಮನೆಯಲ್ಲೇ ಎರಡು ಪಕ್ಷ! ಆಚೆಮನೆಯವರ ಗುಡ್ಡೆಯಲ್ಲಿ ಕಲ್ಲು ಕೊಯ್ದು ಕೊಯ್ದು ಬಾವಿಯಷ್ಟು ಆಳದ ಹೊಂಡಗಳು ತೆರೆದುಕೊಂಡಿವೆ. ಬೇಲಿಯಿಲ್ಲ, ಮಳೆಗಾಲದಲ್ಲಿ ಮಕ್ಕಳು ಶಾಲೆಯಿಂದ ಬರುವವರೆಗೆ ಜೀವದಲ್ಲಿ ಜೀವವಿಲ್ಲ. ಇತ್ತ ನನ್ನ ಮೈದುನನ ಲಾರಿ ಓಡುವುದೇ ಆ ಕಲ್ಲಿನಿಂದ. 2025ರ ಮಳೆಗಾಲದಲ್ಲಿ ಪರವಾನಗಿಯ ತಕರಾರಿನಿಂದ ಜಿಲ್ಲೆಯಲ್ಲಿ ಕೆಂಪುಕಲ್ಲು, ಮರಳು ಎರಡೂ ಸಿಗದೆ ಮನೆ ಕಟ್ಟುವ ಕೆಲಸ ನಿಂತಿತು. ಮೇಸ್ತ್ರಿಗಳು, ಕೂಲಿಯವರು, ಲಾರಿಯವರು ಕೈಕಟ್ಟಿ ಕುಳಿತರು. ಆಗ ಓರಗಿತ್ತಿ ನನ್ನಲ್ಲಿ ಬಂದು "ಅಕ್ಕಾ, ನಿಮ್ಮ ಪರಿಸರ ನಮ್ಮ ಅಕ್ಕಿಡಬ್ಬಿಗೆ ಕೈಹಾಕಿತಲ್ಲ!" ಎಂದಳು. ಅವಳ ಮಾತಿಗೆ ಸಿಟ್ಟು ಬರಲಿಲ್ಲ, ಏಕೆಂದರೆ ಅಕ್ಕಿಡಬ್ಬಿ ನಿಜ. ಆದರೆ ಆ ಹೊಂಡವೂ ನಿಜ. ನನ್ನ ಅಭಿಪ್ರಾಯ ಕೇಳಿದರೆ: ಪರವಾನಗಿಯಿಲ್ಲದೆ ರಾತ್ರೋರಾತ್ರಿ ಕೊಯ್ಯುವುದೂ ಬೇಡ, ಒಮ್ಮೆಲೇ ಬಾಗಿಲು ಹಾಕುವುದೂ ಬೇಡ. ಎಲ್ಲಿ, ಎಷ್ಟು ಆಳಕ್ಕೆ ಕೊಯ್ಯಬಹುದು, ಕೊಯ್ದಾದ ಮೇಲೆ ಹೊಂಡ ಮುಚ್ಚಿಸುವುದು ಯಾರ ಜವಾಬ್ದಾರಿ, ಅಲ್ಲಿಯವರೆಗೆ ಬೇಲಿ ಯಾರು ಹಾಕುತ್ತಾರೆ ಎಂದು ಅಭ್ಯರ್ಥಿಯಿಂದ ಹೇಳಿಸಬೇಕು. ಕೋರೆಯವರ ಜೀಪಿನಲ್ಲೇ ಪ್ರಚಾರಕ್ಕೆ ಬಂದವರು ಏನು ಹೇಳಿಯಾರು ಎಂಬ ಸಂಶಯ ನನಗೂ ಉಂಟು.

ಮೂಡುಬಿದಿರೆಯ ತಂಗಿಯದ್ದು ಬೇರೆ ಚಿಂತೆ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಹೆಸರಾದ ಊರು. ಬಸದಿ, ದೇವಸ್ಥಾನಗಳನ್ನು ಎಣಿಸಿ ತೋರಿಸುವವರು ಬೇಕಾದಷ್ಟು ಮಂದಿ. ಕಂಬಳ ನೋಡಲು ಹೋದವರಿಗೆ ಕಡಲಕೆರೆ ಗೊತ್ತು. ಉಳಿದ ಕೆರೆಗಳನ್ನು ಎಣಿಸಲು ಹೇಳಿದರೆ ಅಭ್ಯರ್ಥಿಗಳು ತೊದಲುತ್ತಾರಂತೆ. ಪುರಸಭೆಗೆ ನಿಂತವರಿಗೆ ಅವಳು ಕೇಳುವ ಪ್ರಶ್ನೆ ಇದೊಂದೇ: "ನಿಮ್ಮ ವಾರ್ಡಿನ ಚರಂಡಿ ನೀರು ಕೊನೆಗೆ ಯಾವ ಕೆರೆಗೆ, ಯಾವ ತೋಡಿಗೆ ಸೇರುತ್ತದೆ?"

ಕಸದ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಪ್ಲಾಸ್ಟಿಕ್ ಚೀಲಗಳಿಗೆ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂತು, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ದೇಶದಲ್ಲೆಲ್ಲ 2022ರ ಜುಲೈ 1ರಿಂದ. ಸಂತೆಯಲ್ಲಿ ಮೀನು ಯಾವುದರಲ್ಲಿ ಕಟ್ಟಿಕೊಡುತ್ತಾರೆ ಎಂದು ನಿಮಗೇ ಗೊತ್ತು. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟ ಜಾರಿ ಮಂದಾರದ ಮನೆ-ತೋಟಗಳನ್ನು ಮುಚ್ಚಿಹಾಕಿತಲ್ಲ, ಆ ಬೆಟ್ಟಕ್ಕೂ ಮನೆಮನೆಯ ಒಂದೊಂದು ಬುಟ್ಟಿಯೇ ಮೂಲ. ಹಸಿ ಕಸ ತೆಂಗಿನ ಬುಡಕ್ಕೆ ಹೋಗಲಿ. ಒಣ ಕಸವನ್ನು ವಾರಕ್ಕೆಷ್ಟು ಸಲ ಒಯ್ಯುತ್ತೀರಿ, ಒಯ್ದು ಎಲ್ಲಿ ಹಾಕುತ್ತೀರಿ ಎಂದು ಅಭ್ಯರ್ಥಿಯನ್ನು ಕೇಳಿ. "ಎಲ್ಲಿ" ಎಂಬುದನ್ನು ಒತ್ತಿ ಕೇಳಿ.

ಇನ್ನೊಂದು ವಿಷಯ ಬರೆಯುವಾಗ ಕೈ ಭಾರವಾಗುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯ ಮನೆಗಳಲ್ಲಿ, ವಯಸ್ಸು ಇಪ್ಪತ್ತು-ಮೂವತ್ತಾದರೂ ತುತ್ತು ಉಣ್ಣಿಸಬೇಕಾದ ಮಕ್ಕಳನ್ನು ಎತ್ತಿಕೊಂಡು ಕುಳಿತ ತಾಯಂದಿರಿದ್ದಾರೆ. 1980ರ ಸುಮಾರಿನಿಂದ 2000ದ ತನಕ ಸರಕಾರದ್ದೇ ಗೇರು ನಿಗಮದ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಆಗ ಹೆಲಿಕಾಪ್ಟರ್ ನೋಡಲು ಮಕ್ಕಳು ಅಂಗಳಕ್ಕೆ ಓಡಿ ಬರುತ್ತಿದ್ದರಂತೆ. ಸರ್ವೋಚ್ಚ ನ್ಯಾಯಾಲಯ 2011ರ ಮೇ 13ರಂದು ಆ ವಿಷವನ್ನು ನಿಷೇಧಿಸಿತು. ಇಪ್ಪತ್ತು ವರ್ಷ ಮೇಲಿನಿಂದ ಸುರಿಯುತ್ತಿದ್ದಾಗ "ಇದೇನು ಸುರಿಯುತ್ತೀರಿ?" ಎಂದು ಓಟು ಕೇಳಲು ಬಂದವರನ್ನು ಯಾರಾದರೂ ತಡೆದು ನಿಲ್ಲಿಸಿದ್ದರೆ! ಈಗ ರಸ್ತೆ ಬದಿಗೆ, ತೋಟಕ್ಕೆ ಕಳೆನಾಶಕ ಹೊಡೆಯುವುದು ಶುರುವಾಗಿದೆ. ಆಟಿ ತಿಂಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆ, ಚಟ್ನಿಗೆ ತಿಮರೆ, ಪಲ್ಯಕ್ಕೆ ತಜಂಕು ಕೊಯ್ಯುವವರು ನಾವು. ಆ ಎಲೆಯ ಮೇಲೆ ನಿನ್ನೆ ಏನು ಬಿದ್ದಿದೆ ಎಂದು ನಮಗೆ ಹೇಳುವವರಿಲ್ಲ. ಪಂಚಾಯತಿ ರಸ್ತೆಯ ಹುಲ್ಲನ್ನು ಕತ್ತಿಯಿಂದಲೇ ಸವರಿಸುತ್ತೀರಾ, ಮದ್ದು ಹೊಡೆಸುತ್ತೀರಾ ಎಂಬುದು ನನ್ನ ಪಟ್ಟಿಯಲ್ಲಿ ಮೇಲಿರುವ ಪ್ರಶ್ನೆ.

ಗೆದ್ದ ಮೇಲೆ ಮರೆಯುತ್ತಾರಲ್ಲ ಎನ್ನುತ್ತೀರಿ. ಅದಕ್ಕೂ ದಾರಿಯುಂಟು. 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಹೆಂಗಸರಿಗೆ ಕಾಲುಪಾಲು ಸ್ಥಾನವಿತ್ತು, ಈಗ ಅರ್ಧಪಾಲು. ಗ್ರಾಮಸಭೆಯ ಜೊತೆಗೆ ಮಹಿಳಾ ಗ್ರಾಮಸಭೆಯೆಂದೇ ಪ್ರತ್ಯೇಕ ಸಭೆ ಕರೆಯುತ್ತಾರೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿ, ಪುರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮೂಲಿಕೆ, ಹಳೆಯ ಭತ್ತದ ತಳಿ, ಕಾಡು ಮಾವಿನ ಮರ, ನಾಗಬನ, ಕೆರೆ ಇವನ್ನೆಲ್ಲ ದಾಖಲೆಯಲ್ಲಿ ಬರೆದಿಡುವುದು ಅದರ ಕೆಲಸ. ನಿಮ್ಮ ಪಂಚಾಯತಿಯಲ್ಲಿ ಆ ಸಮಿತಿಯ ಸದಸ್ಯರು ಯಾರು, ಪುಸ್ತಕ ಎಲ್ಲಿದೆ ಎಂದು ವಿಚಾರಿಸಿ. ಬಾಣಂತಿ ಮದ್ದಿನ ಬೇರು ಯಾವ ಗುಡ್ಡೆಯಲ್ಲಿ ಸಿಗುತ್ತದೆಂದು ಬಲ್ಲ ಅಜ್ಜಿಯ ಹೆಸರು ಆ ಪುಸ್ತಕಕ್ಕೆ ಸೇರಿದೆಯೇ ನೋಡಿ.

ಗ್ರಾಮಸಭೆಗೆ ಹೋಗುವಾಗ ಒಬ್ಬರೇ ಹೋಗಬೇಡಿ. ಸಂಘದ ನಾಲ್ಕೈದು ಮಂದಿ ಸೇರಿ, ಅರ್ಧ ಪುಟದ ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ: ತೋಡಿನ ಹೆಸರು, ಜಾಗ, ಯಾವ ತಿಂಗಳಿನೊಳಗೆ ಆಗಬೇಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು, ತಾರೀಕು ಹಾಕಿಸಿಕೊಂಡು ಬನ್ನಿ. ಸಭೆಯ ನಿರ್ಣಯ ಪುಸ್ತಕದಲ್ಲಿ ಬರೆದದ್ದನ್ನು ಅಲ್ಲಿಯೇ ಓದಿ ಹೇಳಲು ಕೇಳಿ. ಆ ಮೊಹರಿನ ಪ್ರತಿಯನ್ನು ಚುನಾವಣೆಯ ಚೀಟಿಗಳ ಜೊತೆ ಬಿಸ್ಕತ್ತು ಡಬ್ಬಿಯಲ್ಲಿಡಿ, ಮುಂದಿನ ಸಲ ಅವರು ಮೆಟ್ಟಿಲು ಹತ್ತುವಾಗ ಬೇಕಾಗುತ್ತದೆ. ತಜಂಕಿನ ಅಂಬಡೆಯ ವಿಧಾನ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ, ಈ ಸಲ ಜಾಗ ಮುಗಿಯಿತು.