ಶುವೈಖ್‌ನಿಂದ – ಭಾಗ 14: ಗುಡ್ಡ ಜರಿದ ಮೇಲೆ ಕಾರ್ಡ್ ಎಲ್ಲಿಂದ ತರುವುದು?

ಈ ಸಲದ ವಿಷಯ ಸ್ವಲ್ಪ ಸರಕಾರಿ ಲೆಕ್ಕಾಚಾರದ್ದು. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಊರಲ್ಲಿ ಮಳೆ ಜೋರಾದರೆ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಕ್ಲಿನಿಕ್ಕಿನಲ್ಲಿ ನನಗೆ ಮೊದಲು ಗೊತ್ತಾಗುತ್ತದೆ. ಗ್ಯಾರೇಜಿನ ಹುಡುಗರು ಡ್ರೆಸ್ಸಿಂಗಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕೂತಿರುತ್ತಾರೆ. ಹೊರಗೆ 48 ಡಿಗ್ರಿ, ಫೋನಿನೊಳಗೆ ನೆರೆ. ಅವರು ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಮನೆಯವರಿಗೆ ಏನಾದರೂ ಆದರೆ ಆಸ್ಪತ್ರೆ ಖರ್ಚು ಸರಕಾರ ಕೊಡ್ತದಾ?"

ಕೊಡುತ್ತದೆ. ಆದರೆ ಎರಡು ಬೇರೆ ಬೇರೆ ಚೀಲಗಳಿಂದ, ಒಂದು ಚೀಲಕ್ಕೂ ಇನ್ನೊಂದಕ್ಕೂ ಮಾತುಕತೆ ಇಲ್ಲ.

ಮೊದಲನೆಯದು ರಾಜ್ಯ ವಿಪತ್ತು ಪರಿಹಾರ ನಿಧಿ. ನಮ್ಮ ರಾಜ್ಯದ ಮಟ್ಟಿಗೆ ಇದರಲ್ಲಿ ಕೇಂದ್ರದ ಪಾಲು 75%, ರಾಜ್ಯದ್ದು 25%. 2022-26ರ ಮಾರ್ಗಸೂಚಿ ಪ್ರಕಾರ ವಿಪತ್ತಿನಲ್ಲಿ ಸತ್ತರೆ ಕುಟುಂಬಕ್ಕೆ 4 ಲಕ್ಷ. ತೀವ್ರ ಗಾಯವಾಗಿ ಒಂದು ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ 16,000 ರೂಪಾಯಿ, ಒಂದು ವಾರದೊಳಗಾದರೆ 5,400. ಎರಡನೆಯದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ಗರಿಷ್ಠ ಒಂದೂವರೆ ಲಕ್ಷ.

ಈಗ ನನ್ನ ತಕರಾರಿಗೆ ಬರುತ್ತೇನೆ. ಅದೇ ಮಾರ್ಗಸೂಚಿಯಲ್ಲಿ ಗಾಯಾಳುಗಳ ಪರಿಹಾರದ ಕೆಳಗೆ ಒಂದು ಸಣ್ಣ ಟಿಪ್ಪಣಿ ಇದೆ: ಆಯುಷ್ಮಾನ್ ಅಡಿ ಚಿಕಿತ್ಸೆ ಪಡೆದವರಿಗೆ ಈ ಹಣ ಇಲ್ಲ. ಒಬ್ಬರಿಗೇ ಎರಡು ಸಲ ಯಾಕೆ ಕೊಡಬೇಕು ಎನ್ನುವುದು ಇದರ ಹಿಂದಿನ ತರ್ಕ ಇರಬೇಕು. ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರು ಯಾರೂ ಹಾಗೆ ಬರೆಯಲಾರರು. ಆಯುಷ್ಮಾನ್ ದುಡ್ಡು ಹೋಗುವುದು ಆಸ್ಪತ್ರೆಯ ಖಾತೆಗೆ. ಆ 16,000 ಬರಬೇಕಾದದ್ದು ಮನೆಯವರ ಕೈಗೆ. ಕಾಲು ಮುರಿದವನ ಜೊತೆ ನಿಂತ ಹೆಂಡತಿಯ ಊಟ, ಅವಳ ತಪ್ಪಿದ ಕೂಲಿ, ಊರಿಗೂ ಆಸ್ಪತ್ರೆಗೂ ಓಡಾಡಿದ ಜೀಪು ಬಾಡಿಗೆ, ಡಿಸ್ಚಾರ್ಜ್ ಆದ ಮೇಲೆ ಮಲಗಿದ ಆರು ವಾರ, ಇದಕ್ಕೆಲ್ಲ ಯಾವ ಪ್ಯಾಕೇಜೂ ಇಲ್ಲ. ಎರಡೂ ಒಂದೇ ದುಡ್ಡು ಅಲ್ಲ, ಮಾರಾಯ್ರೆ. ಕಾರ್ಡ್ ಇಟ್ಟುಕೊಂಡ ಬಡವನಿಗೆ ಕಾರ್ಡ್ ಇದ್ದದ್ದೇ ನಷ್ಟ ಆದ ಹಾಗೆ!

2018ರ ಆಗಸ್ಟ್ ನೆನಪಿದೆಯಲ್ಲ? ಜೋಡುಪಾಲ, ಮದೆನಾಡು, ಮಕ್ಕಂದೂರು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಕಡಿದುಹೋಯಿತು. ದೊಡ್ಡ ಕಾಯಿಲೆ ಅಂದರೆ ಮಂಗಳೂರಿಗೆ ಇಳಿಯುವ ಜನಕ್ಕೆ ದಾರಿಯೇ ಇಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವರಿಗೆ ಗುಡ್ಡ ಜರಿದು ಗಾಯ ಆಗಬೇಕಂತಿಲ್ಲ, ರಸ್ತೆ ಮುಚ್ಚಿದರೆ ಸಾಕು. ಅಂಥವರು "ವಿಪತ್ತಿನ ಗಾಯಾಳು" ಪಟ್ಟಿಯಲ್ಲಿ ಬರುವುದೇ ಇಲ್ಲ.

ನನ್ನ ಚಿಕ್ಕಮ್ಮನ ಮನೆ ಆ ಭಾಗದಲ್ಲೇ. ಉಟ್ಟ ಸೀರೆಯಲ್ಲಿ ಹೊರಟವರು. ಇನ್ಸುಲಿನ್ ಫ್ರಿಜ್ಜಿನಲ್ಲಿ, ರೇಷನ್ ಕಾರ್ಡ್ ಕಪಾಟಿನಲ್ಲಿ, ಕಪಾಟು ಮಣ್ಣಿನಡಿ. ಶಿಬಿರಕ್ಕೆ ಹೋಗದೆ ನೆಂಟರ ಮನೆಗೆ ಹೋದರು. ನಿಧಿಯಿಂದ ವೈದ್ಯಕೀಯ ಆರೈಕೆಗೆ ಖರ್ಚು ಮಾಡಲು ಅವಕಾಶ ಇರುವುದು ಮುಖ್ಯವಾಗಿ ಪರಿಹಾರ ಶಿಬಿರಗಳಲ್ಲಿ. ನೆಂಟರ ಮನೆಯಲ್ಲಿದ್ದವರು ಲೆಕ್ಕಕ್ಕಿಲ್ಲ. ಹತ್ತು ದಿನಕ್ಕೆ ಕಾಲಿನ ಗಾಯ ಕೀವು ಕಟ್ಟಿ ಒಂದು ಆಸ್ಪತ್ರೆಗೆ ಹೋದರೆ, ಹೆಸರು ಬೇಡ ಬಿಡಿ, ಮೊದಲ ಪ್ರಶ್ನೆ ಕಾರ್ಡ್, ಎರಡನೆಯದು ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ. ತುರ್ತು ಚಿಕಿತ್ಸೆಗೆ ರೆಫರಲ್ ವಿನಾಯಿತಿ ಇದೆ, ನಿಜ. ಆದರೆ ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ತುರ್ತು ಆಗುವುದು ಬೆರಳು ಕಪ್ಪಾದ ಮೇಲೆ. ಅಷ್ಟರಲ್ಲಿ ಬೆರಳು ಹೋಗಿರುತ್ತದೆ.

ಇನ್ನೊಂದು ಸಂಗತಿ ಇದೆ, ಇದನ್ನು ನರ್ಸ್ ಆಗಿ ಹೇಳಲೇಬೇಕು. ಇಲಿ ಜ್ವರ ನೆರೆಯ ದಿನ ಬರುವುದಿಲ್ಲ. ಕೆಸರು ನೀರಿಗೆ ಕಾಲಿಟ್ಟ ಮೇಲೆ ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಂದರೆ ನೀರು ಇಳಿದು, ಮಂತ್ರಿಗಳು ಫೋಟೋ ತೆಗೆಸಿಕೊಂಡು ಹೋಗಿ, ಶಿಬಿರ ಮುಚ್ಚಿ, ಜನ ಮನೆ ತೊಳೆಯುತ್ತಿರುವಾಗ ಜ್ವರ ಏರುತ್ತದೆ. 2018ರಲ್ಲಿ ಕೇರಳದಲ್ಲಿ ಆದದ್ದು ಇದೇ. ಅಲ್ಲಿ ಸ್ವಚ್ಛತೆಗೆ ಇಳಿದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಹಂಚಿದರು. ಅಗ್ಗದ ಮಾತ್ರೆ. ಅದನ್ನು ಮನೆಮನೆಗೆ ಮುಟ್ಟಿಸುವ ಆಶಾ ಕಾರ್ಯಕರ್ತೆಯ ಸ್ವಂತ ಮನೆಗೂ ನೀರು ನುಗ್ಗಿರುತ್ತದೆ ಎನ್ನುವುದು ಬೇರೆ ಮಾತು.

"ಕುವೈತಿನಲ್ಲಿ ಕೂತು ಊರಿಗೆ ಉಪದೇಶವಾ?" ಅನ್ನುವವರಿಗೆ: ಇಲ್ಲೇನೂ ಸ್ವರ್ಗ ಇಲ್ಲ. ನಮ್ಮಂಥವರ ವಿಮೆ ಇಕಾಮಾಕ್ಕೆ ಅಂಟಿಕೊಂಡಿದೆ. ಮಾಲೀಕ ಇಕಾಮಾ ನವೀಕರಿಸದಿದ್ದರೆ ವಿಮೆಯೂ ಇಲ್ಲ. 2022ರ ಡಿಸೆಂಬರಿನಿಂದ ಸರಕಾರಿ ಕ್ಲಿನಿಕ್ಕಿನಲ್ಲಿ ವಿದೇಶಿಯರು ಔಷಧಿಗೆ ಬೇರೆಯಾಗಿ 5 ದಿನಾರ್ ಕೊಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ನಿಷೇಧ, ಒಳ್ಳೆಯದೇ. ಆದರೆ ಶುವೈಖಿನ ತಗಡಿನ ಶೆಡ್ಡು ಬಯಲಲ್ಲವಲ್ಲ, ಅದರೊಳಗೆ ಎಂಜಿನ್ ಬಿಚ್ಚುವವನಿಗೆ ನಿಷೇಧದ ನೆರಳು ಸಿಗುವುದಿಲ್ಲ. ಆದರೂ ಇಲ್ಲಿ ಒಂದು ವ್ಯವಸ್ಥೆ ನನಗೆ ಇಷ್ಟ. ಸಿವಿಲ್ ಐಡಿ ನಂಬರ್ ಒಂದು ಹೇಳಿದರೆ ಸಾಕು, ಮನುಷ್ಯ ಯಾರು ಅಂತ ಗೊತ್ತಾಗುತ್ತದೆ, ಕಾರ್ಡ್ ನೀರಿಗೆ ಬಿದ್ದರೂ. ನಮ್ಮಲ್ಲೂ ಆಧಾರ್ ಇದೆ. ಬೆರಳಚ್ಚು ಕೊಟ್ಟು ಅಕ್ಕಿ ತರುವ ಅಜ್ಜಿಗೆ ನೆರೆಯ ವಾರದಲ್ಲಿ ಅದೇ ಬೆರಳಚ್ಚಿನಿಂದ ಇನ್ಸುಲಿನ್ ಕೊಡಲು ಯಾವ ಅಡ್ಡಿ?

ನಾನು ಕೇಳುವುದು ಹೊಸ ಯೋಜನೆ ಅಲ್ಲ. ತಾಲೂಕನ್ನು ನೆರೆಪೀಡಿತ ಎಂದು ಘೋಷಿಸಿದ ದಿನದಿಂದ ಮೂರು ತಿಂಗಳು ಅಲ್ಲಿಯವರಿಗೆ ರೆಫರಲ್ ಚೀಟಿ, ಎಪಿಎಲ್–ಬಿಪಿಎಲ್ ಎರಡನ್ನೂ ಪಕ್ಕಕ್ಕಿಡಿ. ಮನೆ ಜರಿದ ಎಪಿಎಲ್‌ನವನು ಆ ರಾತ್ರಿಯಿಂದ ಬಡವನೇ. ಬಿಪಿ, ಸಕ್ಕರೆ, ಫಿಟ್ಸ್, ಟಿಬಿ ಮಾತ್ರೆಗಳನ್ನು ಹಳೆ ಚೀಟಿ ಕೇಳದೆ ಕೊಡಿ, ಶಿಬಿರದಲ್ಲಿ ಇರಲಿ, ನೆಂಟರ ಮನೆಯಲ್ಲಿರಲಿ. ಡಯಾಲಿಸಿಸ್‌ನವರ ಪಟ್ಟಿ ಮೇ ತಿಂಗಳಲ್ಲೇ ತಾಲೂಕು ಆರೋಗ್ಯಾಧಿಕಾರಿಯ ಮೇಜಿನ ಮೇಲಿರಲಿ. ಮತ್ತು ಆ ಟಿಪ್ಪಣಿಯನ್ನು ತೆಗೆಯಿರಿ. ಅದು ರಾಜ್ಯದ ಕೈಯಲ್ಲಿಲ್ಲ, ಕೇಂದ್ರ ಗೃಹ ಸಚಿವಾಲಯದ್ದು. ಹಾಗಾಗಿ ನಮ್ಮ ಸಂಸದರನ್ನೇ ಕೇಳಬೇಕು. ರಜೆಗೆ ಊರಿಗೆ ಹೋದಾಗ ಮದುವೆ ಮನೆಯಲ್ಲಿ ಸಿಗುತ್ತಾರಲ್ಲ, ಸೆಲ್ಫಿ ತೆಗೆದ ಮೇಲೆ ಇದನ್ನೂ ಒಂದು ಮಾತು ಕೇಳಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಇವತ್ತೇ ಮನೆಗೆ ಫೋನ್ ಮಾಡಿ, ಅಪ್ಪ ಅಮ್ಮನ ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಕೊನೆಯ ಔಷಧಿ ಚೀಟಿ, ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ, ಎಲ್ಲದರ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಅವರ ಫೋನ್ ನೀರಿಗೆ ಬಿದ್ದರೂ ನಿಮ್ಮ ಹತ್ತಿರ ಇರುತ್ತದೆ. ಚಿಕ್ಕಮ್ಮನದ್ದು ನನ್ನ ಫೋನಿನಲ್ಲಿದೆ, ಇನ್ಸುಲಿನ್ ಪೆನ್ನಿನ ಫೋಟೋ ಸಮೇತ.