ಕೊಳಗ ಯಾರ ಕೈಲಿದೆ?

1/10
1995ರ ಜುಲೈ ಮೊದಲ ವಾರ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ‘ವಾಟರ್‌ಫಾಲ್ಸ್’ ಅನ್ನೋ ಹಾಡು ನಂಬರ್ ಒನ್ ಜಾಗಕ್ಕೆ ಏರ್ತಾ ಇದೆ. ಮುಂದೆ ಏಳು ವಾರ ಅಲ್ಲಿಂದ ಇಳಿಯಲ್ಲ. ಅದೇ ವಾರ, ಆ ಹಾಡು ಹಾಡಿದ ಮೂವರು ಹುಡುಗಿಯರು ಅಟ್ಲಾಂಟಾದಲ್ಲಿ ಕೋರ್ಟಿಗೆ ಅರ್ಜಿ ಹಾಕ್ತಾರೆ: ನಾವು ದಿವಾಳಿ. ತಲೆ ಮೇಲೆ 35 ಲಕ್ಷ ಡಾಲರ್ ಸಾಲ.

ಬ್ಯಾಂಡ್ ಹೆಸರು ಟಿಎಲ್‌ಸಿ. ಟಿ-ಬಾಜ್, ಲೆಫ್ಟ್ ಐ, ಚಿಲಿ.

ಮೊನ್ನೆ ಕ್ಯಾಂಟೀನಲ್ಲಿ ಈ ಕಥೆ ಹೇಳಿದೆ. ನಮ್ಮವನೇ ಒಬ್ಬ ಚಹಾ ಹೀರ್ತಾ ಹೇಳಿದ: “ದುಡ್ಡು ಬಂದಾಗ ಹಾರಾಡಿರ್ತಾರೆ, ಕಳ್ಕೊಂಡಿರ್ತಾರೆ. ಕಂಪನಿ ಏನ್ ಮಾಡುತ್ತೆ ಪಾಪ?”

ಆ ‘ಪಾಪ’ ಅನ್ನೋ ಪದಕ್ಕೆ ಉತ್ತರವಾಗಿ ಈ ಹತ್ತು ಪೋಸ್ಟ್. ಉದ್ದ ಇದೆ, ಗೊತ್ತು. ಆದ್ರೆ ಸೋಮವಾರ ನಮ್ಮ ಕ್ಲಾಸಿನ ಬ್ಯಾಂಡ್ ಒಂದು ಕಂಪನಿಯ 14 ಪುಟದ ಅಗ್ರಿಮೆಂಟಿಗೆ ಸಹಿ ಹಾಕ್ತಾ ಇದೆ. ಆ 14 ಪುಟ ಓದದೇ ಇರೋರು ಈ ಹತ್ತಾದ್ರೂ ಓದಿ.

2/10
ಮೊದಲು ಆ ಹುಡುಗಿಯರು ಯಾರು ಅಂತ ತಿಳ್ಕೊಳ್ಳಿ. 1991ರಲ್ಲಿ ಸಹಿ ಹಾಕಿದಾಗ ಅವರ ವಯಸ್ಸು 20ರ ಆಸುಪಾಸು. ನಮ್ಮದೇ ವಯಸ್ಸು. ಕಂಪನಿ ಹೆಸರು ಲಾಫೇಸ್ ರೆಕಾರ್ಡ್ಸ್. ಅದನ್ನ ಕಟ್ಟಿದವರು ಎಲ್.ಎ. ರೀಡ್ ಮತ್ತು ಬೇಬಿಫೇಸ್. ಬ್ಯಾಂಡಿನ ಮ್ಯಾನೇಜರ್ ಆಗ ಅದೇ ರೀಡ್ ಅವರ ಹೆಂಡತಿ. ಹುಡುಗಿಯರ ಒಪ್ಪಂದ ಮ್ಯಾನೇಜರ್ ಕಂಪನಿ ಜೊತೆ. ಮ್ಯಾನೇಜರ್ ಕಂಪನಿಯ ಒಪ್ಪಂದ ಲಾಫೇಸ್ ಜೊತೆ.

ಒಂದ್ಸಲ ನಿಂತು ಯೋಚನೆ ಮಾಡಿ. ಹುಡುಗಿಯರ ಪರ ಚೌಕಾಸಿ ಮಾಡಬೇಕಾದವರು ಒಬ್ಬರು, ಮೇಜಿನ ಆಚೆ ಕೂತವರು ಇನ್ನೊಬ್ಬರು. ಇಬ್ಬರ ಮನೆಗೂ ಬಾಗಿಲು ಒಂದೇ. ಯಾರೋ ಮೋಸ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಎಲ್ಲ ಕಾಗದದಲ್ಲಿ ಬರೆದ ಪ್ರಕಾರವೇ ನಡೀತು ಅಂತಾನೇ ಇಟ್ಕೊಳ್ಳಿ. ನನ್ನ ತಕರಾರು ಇರೋದು ಆ ಕಾಗದದ ಮೇಲೆ.

3/10
ಈ ಫೋಟೋದಲ್ಲಿರೋದು ನನ್ನ ಲೆಕ್ಕದ ಹಾಳೆ. ಕೈಬರಹಕ್ಕೆ ನಗಬೇಡಿ, ಲೆಕ್ಕ ನೋಡಿ.

ಆಗ ವರದಿಯಾದ ಪ್ರಕಾರ ಒಂದು ಆಲ್ಬಂ ಮಾರಾಟವಾದ್ರೆ ಟಿಎಲ್‌ಸಿಗೆ ಸಿಗ್ತಿದ್ದದ್ದು ಸುಮಾರು 56 ಸೆಂಟ್. ಮೂವರಿಗೂ ಸೇರಿ. ಅಂಗಡಿಯಲ್ಲಿ ಸಿಡಿಗೆ ಸುಮಾರು 15 ಡಾಲರ್ ಅಂತ ಹಿಡಿಯಿರಿ. ಅಂದ್ರೆ ಕೇಳುಗರು ಕೊಟ್ಟ ಪ್ರತಿ ನೂರು ರೂಪಾಯಿಯಲ್ಲಿ ಮೂವರಿಗೂ ಸೇರಿ ನಾಲ್ಕು ರೂಪಾಯಿಗಿಂತ ಕಡಿಮೆ. ಒಬ್ಬೊಬ್ಬರಿಗೆ ಒಂದೂಕಾಲು ರೂಪಾಯಿ.

‘ಕ್ರೇಜಿಸೆಕ್ಸಿಕೂಲ್’ ಅನ್ನೋ ಆ ಆಲ್ಬಂ ಬಂದದ್ದು 1994ರ ನವೆಂಬರ್‌ನಲ್ಲಿ. 1996ರಲ್ಲಿ ಅದಕ್ಕೆ ಒಂದು ಕೋಟಿಯ ಡೈಮಂಡ್ ಸರ್ಟಿಫಿಕೇಟ್ ಸಿಕ್ತು. ಒಂದು ಕೋಟಿ ಸಿಡಿಗೆ ಜನ ಕೊಟ್ಟದ್ದು ಸುಮಾರು 15 ಕೋಟಿ ಡಾಲರ್ ಅಂದ್ಕೊಂಡ್ರೆ, ಬ್ಯಾಂಡಿನ ಪಾಲು 56 ಲಕ್ಷ. “56 ಲಕ್ಷ ಡಾಲರ್ ಕಮ್ಮಿನಾ?” ಅಂತೀರಾ? ತಾಳಿ. ಇದು ಕೈಗೆ ಬಂದ ದುಡ್ಡಲ್ಲ. ಕಡಿತ ಇನ್ನೂ ಶುರುವೇ ಆಗಿಲ್ಲ.

4/10
ಅಡ್ವಾನ್ಸ್ ಅಂದ್ರೆ ಬಹುಮಾನ ಅಂದ್ಕೊಂಡಿದ್ದೀರಿ ಅಲ್ವಾ? ಅದು ಸಾಲ. ಸ್ಟುಡಿಯೋ ಬಾಡಿಗೆ ಸಾಲ, ಪ್ರೊಡ್ಯೂಸರ್ ಸಂಭಾವನೆ ಸಾಲ, ವಿಡಿಯೋ ಖರ್ಚಿನಲ್ಲಿ ಒಂದು ಪಾಲು ಸಾಲ. ಕಂಪನಿ ಇದನ್ನೆಲ್ಲ ಬರೆದಿಟ್ಟು ವಾಪಸ್ ಹಿಡ್ಕೊಳ್ಳುತ್ತೆ. ಸಾಲ ತೀರಿಸೋದು ಸರಿ. ಆದ್ರೆ ಯಾವ ದುಡ್ಡಿಂದ ತೀರಬೇಕು? ಇಲ್ಲಿದೆ ಕಥೆ.

ಉದಾಹರಣೆಗೆ ಸಾಲ 10 ಲಕ್ಷ ಡಾಲರ್ ಅಂತ ಇಟ್ಕೊಳ್ಳಿ. ಆಲ್ಬಂ ಮಾರಾಟದ ಒಟ್ಟು ದುಡ್ಡಲ್ಲಿ ಅದನ್ನ ಮೊದಲು ಕಳೆದು ಉಳಿದದ್ದು ಹಂಚಿದ್ರೆ ಯಾರೂ ಮಾತಾಡಲ್ಲ. ಹಾಗೆ ಮಾಡಲ್ಲ. ಬ್ಯಾಂಡಿನ 56 ಸೆಂಟಿಂದ ಮಾತ್ರ ಕಳೀತಾರೆ. ಆಗ ಸಾಲ ತೀರಬೇಕಾದ್ರೆ ಸುಮಾರು 18 ಲಕ್ಷ ಸಿಡಿ ಮಾರಾಟ ಆಗಬೇಕು. ಅಷ್ಟೊತ್ತಿಗೆ ಜನ ಅಂಗಡಿಯಲ್ಲಿ ಕೊಟ್ಟಿರೋದು 2.7 ಕೋಟಿ ಡಾಲರ್. ಅಂಗಡಿಯವನು ತನ್ನ ಲಾಭ ತಗೊಂಡ, ಕಂಪನಿ ತನ್ನ ಪಾಲು ತಗೊಂತು, ಹಾಡಿದವರ ಲೆಕ್ಕ ಮಾತ್ರ ಇನ್ನೂ ಸೊನ್ನೆ.

ಸೊನ್ನೆ ದಾಟಿದ ಮೇಲೂ ಲೆಕ್ಕಪತ್ರ ಬರೋದು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ಮ್ಯಾನೇಜರ್, ವಕೀಲರು, ತೆರಿಗೆ ಎಲ್ಲ ಅದರಲ್ಲೇ. ಹಾಡು ರೇಡಿಯೋದಲ್ಲಿ ಮೊಳಗ್ತಾ ಇರುವಾಗ ಹಾಡಿದವರ ಜೇಬು ಖಾಲಿ ಇರೋದು ಹೀಗೆ.

5/10
ಈಗ ನಮ್ಮೂರಿನ ಮಾತು. ನಾನು ಸಾಗರ ತಾಲ್ಲೂಕಿನವಳು. ನಮ್ಮ ಮುತ್ತಜ್ಜ ಗೇಣಿ ಒಕ್ಕಲು. 1951ರ ಕಾಗೋಡು ಸತ್ಯಾಗ್ರಹ ಪಾಠದಲ್ಲಿ ಬಂದಾಗ ನಾವು ಇಸವಿ ಬಾಯಿಪಾಠ ಮಾಡಿ ಬಿಟ್ವಿ. ಜಗಳ ಶುರುವಾದದ್ದು ಯಾಕೆ ನೆನಪಿದ್ಯಾ? ಕೊಳಗಕ್ಕೆ. ಗೇಣಿ ಭತ್ತ ಅಳೆಯೋ ಕೊಳಗ ಒಡೆಯರದ್ದು, ಅದು ಇರಬೇಕಾದ್ದಕ್ಕಿಂತ ದೊಡ್ಡದು. ಬಾಯಲ್ಲಿ ಹೇಳೋದು ಇಷ್ಟು ಕೊಳಗ, ಕಣದಿಂದ ಹೋಗೋದು ಅದಕ್ಕಿಂತ ಜಾಸ್ತಿ. ಒಕ್ಕಲು ಲೆಕ್ಕ ತಪ್ಪಿರಲಿಲ್ಲ. ಅಳತೆ ಅವನ ಕೈಲಿರಲಿಲ್ಲ, ಅಷ್ಟೇ.

ರೆಕಾರ್ಡ್ ಕಂಪನಿಗಳ ಕೊಳಗ ಹೇಗಿತ್ತು ಕೇಳಿ. ಆ ಕಾಲದ ಒಪ್ಪಂದಗಳಲ್ಲಿ ‘ಪ್ಯಾಕೇಜಿಂಗ್ ಕಡಿತ’ ಅಂತ ಒಂದು ಮಾಮೂಲಿ ಸಾಲು: ಸಿಡಿಯ ಡಬ್ಬಿ, ಕಾಗದದ ಹೆಸರಲ್ಲಿ ಬೆಲೆಯಿಂದ ಶೇ. 25 ತೆಗೆದು, ಉಳಿದದ್ದರ ಮೇಲೆ ಮಾತ್ರ ರಾಯಲ್ಟಿ. ಇನ್ನೊಂದು ‘ಒಡೆದುಹೋದ’ ಲೆಕ್ಕ: ಅರಗಿನ ಗ್ರಾಮಫೋನ್ ತಟ್ಟೆ ಸಾಗಿಸುವಾಗ ಒಡೀತಿತ್ತು ಅಂತ ಶೇ. 10 ಕಳೀತಿದ್ರು. ಆ ತಟ್ಟೆ ಹೋಗಿ ದಶಕಗಳಾದ ಮೇಲೂ ಎಷ್ಟೋ ಒಪ್ಪಂದಗಳಲ್ಲಿ ಆ ಸಾಲು ಉಳ್ಕೊಂಡಿತ್ತು. ಒಡೆಯದ ಸಿಡಿಗೆ ಒಡೆದ ಲೆಕ್ಕ!

6/10
“ಹಾಗಾದ್ರೆ ಅವರದ್ದು ತಪ್ಪೇ ಇಲ್ವಾ?” ಇದೆ. ಮುಚ್ಚಿಡಲ್ಲ. 1994ರಲ್ಲಿ ಲೆಫ್ಟ್ ಐ ಸಿಟ್ಟಲ್ಲಿ ಹಚ್ಚಿದ ಬೆಂಕಿಗೆ ಗೆಳೆಯನ ಮನೆಯೇ ಸುಟ್ಟುಹೋಯ್ತು. ಆ ವಿಮೆಯ ದುಡ್ಡಿನ ಬಾಕಿ ಸಾಲದ ದೊಡ್ಡ ಭಾಗ. ಇನ್ನೊಂದು ಕಡೆ ಟಿ-ಬಾಜ್‌ಗೆ ಹುಟ್ಟಿನಿಂದ ಸಿಕಲ್ ಸೆಲ್ ಕಾಯಿಲೆ, ಆಸ್ಪತ್ರೆ ಬಿಲ್ ನಿಲ್ತಾನೇ ಇರಲಿಲ್ಲ. ಹಾಡುಗಳನ್ನ ಬಹುಪಾಲು ಬರೆದವರು ಬೇರೆಯವರು, ಹಾಗಾಗಿ ಬರೆದವರಿಗೆ ಹೋಗೋ ರಾಯಲ್ಟಿ ಇವರಿಗೆ ಹೆಚ್ಚು ಬರಲಿಲ್ಲ. ಇದೂ ನಿಜ.

ಕಂಪನಿ ಕಡೆಯವರ ವಾದವೂ ಹೇಳ್ತೀನಿ: ದಿವಾಳಿ ಅರ್ಜಿ ಬರೀ ತಂತ್ರ, ಒಪ್ಪಂದದಿಂದ ತಪ್ಪಿಸ್ಕೊಂಡು ಜಾಸ್ತಿ ದುಡ್ಡು ಕೇಳೋಕೆ ಮಾಡಿದ ಆಟ. ಜೊತೆಗೆ ಹತ್ತು ಆಲ್ಬಂ ಹಾಕಿದ್ರೆ ಗೆಲ್ಲೋದು ಒಂದೋ ಎರಡೋ, ಸೋತವರ ಖರ್ಚನ್ನ ಗೆದ್ದವರೇ ತುಂಬಬೇಕು.

ಒಪ್ಪಿದೆ, ರಿಸ್ಕ್ ತಗೊಂಡವರಿಗೆ ಲಾಭ ಸಿಗಲಿ. ಆದ್ರೆ ಒಂದು ಪ್ರಶ್ನೆ. ಖರ್ಚು ಬ್ಯಾಂಡಿನ ಪಾಲಿಂದಲೇ ವಸೂಲಾಯ್ತು ಅಲ್ವಾ? ಹಾಗಾದ್ರೆ ಗೆದ್ದ ಆಲ್ಬಂನಲ್ಲಿ ರಿಸ್ಕ್ ಕೊನೆಗೆ ಯಾರ ತಲೆಗೆ ಬಂತು? ಮತ್ತೆ, ಸಾಲ ತೀರಿದ ಮೇಲೆ ಮಾಸ್ಟರ್ ಯಾರದ್ದು? ಮೂಲ ಧ್ವನಿಮುದ್ರಣಕ್ಕೆ ಮಾಸ್ಟರ್ ಅಂತಾರೆ. ಅದು ಕಂಪನಿಯದ್ದೇ. ಹಸು ಕೊಳ್ಳೋಕೆ ಸಾಲ ಕೊಟ್ಟವನು, ಹಾಲು ಮಾರಿ ಸಾಲ ತೀರಿಸ್ಕೊಂಡು, ಆಮೇಲೆ ಹಸುವನ್ನೂ ಹೊಡ್ಕೊಂಡು ಹೋದ್ರೆ ಊರವರು ಸುಮ್ನಿರ್ತಾರಾ?

7/10
ಅವರ ಮಾಸ್ಟರ್‌ಗಳು ಎಲ್ಲೆಲ್ಲಿ ಹೋದವು ನೋಡಿ. ಲಾಫೇಸ್ ಅರಿಸ್ಟಾಗೆ ಸೇರ್ತು. ಅರಿಸ್ಟಾ ಬಿಎಂಜಿ ಕೈಲಿತ್ತು. ಬಿಎಂಜಿಯ ಆ ವ್ಯವಹಾರ ಸೋನಿಗೆ ಹೋಯ್ತು. ಸೈಟ್ ಕೈ ಬದಲಾಯಿಸಿದ ಹಾಗೆ ಮೂವರ ಗಂಟಲಿನ ದನಿ ಕೈ ಬದಲಾಯಿಸ್ತು.

ಕೋರ್ಟಿನ ಕಥೆ ಏನಾಯ್ತು? 1996ರ ಫೆಬ್ರವರಿಯಲ್ಲಿ ಎರಡು ಗ್ರ್ಯಾಮಿ ಗೆದ್ದರು. ಅದೇ ರಾತ್ರಿ ಪತ್ರಕರ್ತರ ಮುಂದೆ ನಿಂತು, ಇಷ್ಟೆಲ್ಲ ಮಾರಾಟ ಆದ್ರೂ ನಮ್ಮ ಕೈ ಬರಿದು ಅಂತ ಹೇಳಿದರು. ಅಮೆರಿಕದ ದಿವಾಳಿ ಕಾನೂನಿನಲ್ಲಿ ಹೊರೆಯಾದ ಒಪ್ಪಂದವನ್ನ ಬಿಡಿಸ್ಕೊಳ್ಳೋಕೆ ಕೋರ್ಟನ್ನ ಕೇಳಬಹುದು. ಕಂಪನಿಗೆ ಹೆದರಿಕೆ ಹುಟ್ಟಿಸಿದ್ದು ಅದೇ. 1996ರ ಕೊನೆಯಲ್ಲಿ ರಾಜಿ ಆಯ್ತು, ಹೊಸ ಒಪ್ಪಂದ, ಮೊದಲಿಗಿಂತ ಒಳ್ಳೆ ಪಾಲು.

ಇದರಲ್ಲಿ ನನಗೆ ಹೊಟ್ಟೆ ಉರಿಸೋ ವಿಷಯ ಏನು ಗೊತ್ತಾ? ಹಾಡು ಹಿಟ್ ಆದ್ರೂ ಪಾಲು ಹೆಚ್ಚಲಿಲ್ಲ, ಪ್ರಶಸ್ತಿ ಬಂದ್ರೂ ಹೆಚ್ಚಲಿಲ್ಲ. ದಿವಾಳಿ ಅಂತ ಬರ್ಕೊಟ್ಟ ಮೇಲೆ ಹೆಚ್ಚಿತು. 1998ರಲ್ಲಿ ಅದೇ ಲಾಫೇಸ್‌ನ ಗಾಯಕಿ ಟೋನಿ ಬ್ರ್ಯಾಕ್ಸ್‌ಟನ್ ಕೂಡ ದಿವಾಳಿ ಅರ್ಜಿ ಹಾಕಿದರು. ಒಂದೇ ಅಂಗಳದಲ್ಲಿ ಎರಡು ಸಲ ಆದ್ರೆ, ಅದು ಹುಡುಗಿಯರ ಶಾಪಿಂಗ್ ಚಟ ಅಂತ ಇನ್ನೂ ಹೇಳ್ತೀರಾ?

8/10
“ಅವರು ಹೊಸಬರು, ದೊಡ್ಡವರಿಗೆ ಹೀಗಾಗಲ್ಲ” ಅನ್ನೋರಿಗೆ ಬೀಟಲ್ಸ್.

1962ರಲ್ಲಿ ಇಎಂಐ ಕೊಟ್ಟ ಮೊದಲ ಒಪ್ಪಂದದಲ್ಲಿ ಒಂದು ಸಿಂಗಲ್ ರೆಕಾರ್ಡಿಗೆ ಒಂದು ಪೆನ್ನಿ. ಆಗ ಒಂದು ಪೌಂಡಿಗೆ 240 ಪೆನ್ನಿ. ಆ ಒಂದು ಪೆನ್ನಿಯಲ್ಲಿ ನಾಲ್ವರೂ, ಮ್ಯಾನೇಜರೂ ಹಂಚ್ಕೋಬೇಕು. ಪ್ರಪಂಚವೇ ಅವರ ಹಿಂದೆ ಓಡಿದ ಮೇಲೆ ಪಾಲು ಸುಧಾರಿಸ್ತು ಅನ್ನೋದು ಸರಿ. ಆದ್ರೆ ಲೆಕ್ಕದ ಜಗಳ ಮುಗೀಲಿಲ್ಲ. 2005ರಲ್ಲಿ, ಲೆನನ್ ಮತ್ತು ಹ್ಯಾರಿಸನ್ ಇಬ್ಬರೂ ತೀರಿಕೊಂಡ ಮೇಲೆ, ಬ್ಯಾಂಡಿನ ಆಪಲ್ ಕೋರ್ ಸಂಸ್ಥೆ ಲೆಕ್ಕ ಪರಿಶೀಲನೆ ಮಾಡಿಸಿ, ಸುಮಾರು 3 ಕೋಟಿ ಪೌಂಡ್ ರಾಯಲ್ಟಿ ಬಾಕಿ ಇದೆ ಅಂತ ಇಎಂಐ ಮೇಲೆ ದಾವೆ ಹೂಡಿತು. 2007ರಲ್ಲಿ ರಾಜಿ.

ಬೀಟಲ್ಸ್‌ಗೆ ಲೆಕ್ಕ ತೆಗೆಸೋಕೆ ವಕೀಲರಿದ್ದರು, ಆಡಿಟರ್ ಇದ್ದರು, ಕಾಯೋಕೆ ದುಡ್ಡಿತ್ತು. 20 ವರ್ಷದ ಮೂವರು ಹುಡುಗಿಯರಿಗೆ ಏನಿತ್ತು? ನಮ್ಮ ಕ್ಲಾಸಿನ ಐವರಿಗೆ ಏನಿದೆ? ಬಾಡಿಗೆ ಡ್ರಮ್ ಸೆಟ್ಟು, ಆಂತರಿಕ ಪರೀಕ್ಷೆ.

9/10
ನಮ್ಮ ದೇಶದ ಕಾನೂನು ಏನನ್ನುತ್ತೆ? ಇಲ್ಲಿ ಸ್ವಲ್ಪ ಧೈರ್ಯದ ಸುದ್ದಿ ಇದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದರ ಪರ ಮಾತಾಡಿದರು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ ಸಮಪಾಲನ್ನ ಕಂಪನಿಗೆ ಬರ್ಕೊಡೋಕೇ ಆಗದ ಹಾಗೆ ಆ ತಿದ್ದುಪಡಿ ತಡೆ ಹಾಕ್ತು. ಹಕ್ಕು ಎಷ್ಟು ವರ್ಷಕ್ಕೆ ಅಂತ ಒಪ್ಪಂದದಲ್ಲಿ ಬರೆಯದೇ ಇದ್ರೆ ಐದೇ ವರ್ಷ ಅಂತ ಕಾಯ್ದೆ ಹೇಳುತ್ತೆ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ರೆ ಭಾರತಕ್ಕೆ ಮಾತ್ರ.

ಅದಕ್ಕೇ ಕಂಪನಿಯವರು ಬರೆಯದೆ ಬಿಡಲ್ಲ. ನಮ್ಮ ಹುಡುಗರ ಆ 14 ಪುಟದಲ್ಲಿ ನಾನೇ ಓದಿದ್ದೀನಿ: ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಇಡೀ ಪ್ರಪಂಚಕ್ಕೆ, ಈಗಿರುವ ಮತ್ತು ಮುಂದೆ ಬರಲಿರುವ ಎಲ್ಲ ಮಾಧ್ಯಮಕ್ಕೆ. ಇದರ ಎದುರಿಗೆ ಅಡ್ವಾನ್ಸ್ ಎಷ್ಟು ಗೊತ್ತಾ? ಒಂದು ಒಳ್ಳೆ ಗಿಟಾರ್ ಕೂಡ ಬರಲ್ಲ. ಲೆಕ್ಕ ತಪಾಸಣೆ ಮಾಡಿಸೋ ಹಕ್ಕಿನ ಬಗ್ಗೆ ಒಂದು ಸಾಲೂ ಇಲ್ಲ.

ಹದಿನಾಲ್ಕು ಪುಟದಲ್ಲಿ ಎಲ್ಲವೂ ಇದೆ. ಕೊಳಗ ನೋಡೋ ಹಕ್ಕು ಮಾತ್ರ ಇಲ್ಲ.

10/10
ಹುಡುಗ್ರಾ, ನಿಮಗೇ ಹೇಳ್ತಿರೋದು. ನಿಮ್ಮ ಹಾಡು ನನಗಿಷ್ಟ. ಫೆಸ್ಟ್‌ನಲ್ಲಿ ಮೊದಲ ಸಾಲಲ್ಲಿ ನಿಂತು ಕಿರುಚಿದವಳು ನಾನೇ. ಅವಕಾಶ ಕೈ ತಪ್ಪುತ್ತೆ ಅನ್ನೋ ನಿಮ್ಮ ಹೆದರಿಕೆನೂ ಅರ್ಥ ಆಗುತ್ತೆ. ಸಹಿ ಹಾಕಲೇಬೇಡಿ ಅಂತಿಲ್ಲ. ಮೂರು ಪ್ರಶ್ನೆ ಕೇಳಿ, ಉತ್ತರ ಕಾಗದದಲ್ಲಿ ಬರೆಸ್ಕೊಳ್ಳಿ.

ಒಂದು: ಖರ್ಚು ಒಟ್ಟು ಗಳಿಕೆಯಿಂದ ಕಳೀತೀರಾ, ನಮ್ಮ ಪಾಲಿಂದ ಮಾತ್ರನಾ?
ಎರಡು: ಖರ್ಚು ವಸೂಲಾಗಿ ಇಷ್ಟು ವರ್ಷ ಆದ ಮೇಲೆ ಮಾಸ್ಟರ್ ನಮಗೆ ವಾಪಸ್ ಬರುತ್ತಾ?
ಮೂರು: ನಿಮ್ಮ ಲೆಕ್ಕದ ಪುಸ್ತಕ ನಮ್ಮ ಕಡೆಯವರು ತೆರೆದು ನೋಡಬಹುದಾ?

“ಇಷ್ಟೆಲ್ಲ ಕೇಳಿದ್ರೆ ಬೇರೆ ಬ್ಯಾಂಡ್ ನೋಡ್ಕೋತೀವಿ” ಅಂದ್ರೆ ಆ ಬೇರೆ ಬ್ಯಾಂಡಿಗೂ ಈ ಪೋಸ್ಟ್ ಕಳಿಸಿ. ಕಾಗೋಡಿನಲ್ಲಿ ಒಬ್ಬ ಒಕ್ಕಲು ಕೇಳಿದ್ರೆ ಗದ್ದೆ ಬಿಡಿಸ್ತಿದ್ರು. ಊರು ಸೇರಿ ಕೇಳಿದಾಗ ವಿಷಯ ದೇಶಕ್ಕೆ ಗೊತ್ತಾಯ್ತು. 1974ರಲ್ಲಿ ದೇವರಾಜ ಅರಸು ಕಾಲಕ್ಕೆ ಭೂಸುಧಾರಣೆ ಬಂದು, ಉಳುವವನೇ ಹೊಲದೊಡೆಯ ಅನ್ನೋ ಮಾತು ಕಾನೂನಾಯ್ತು. ನಮ್ಮಜ್ಜ ಡಿಕ್ಲರೇಷನ್ ಹಾಕಿದ್ರು, ಎರಡು ಎಕರೆ ಬಂತು. ನಾನು ಕಾಲೇಜಿಗೆ ಬಂದದ್ದು ಆ ಎರಡು ಎಕರೆಯಿಂದ. ಹಾಡೋರಿಗೆ ಅಂಥ ಕಾನೂನು ಪೂರ್ತಿಯಾಗಿ ಇನ್ನೂ ಬಂದಿಲ್ಲ.

ಲಾ ಓದ್ತಿರೋ ಸೀನಿಯರ್ ಅಕ್ಕ ಒಬ್ರು ಶನಿವಾರ ಮಧ್ಯಾಹ್ನ ಬಂದು ಕೂರ್ತೀನಿ ಅಂದಿದ್ದಾರೆ, ಫೀಸ್ ಇಲ್ಲ, ಮಸಾಲೆ ಮಂಡಕ್ಕಿ ಸಾಕಂತೆ. ಲೈಬ್ರರಿ ಹಿಂದಿನ ಕಟ್ಟೆ. ಅಗ್ರಿಮೆಂಟ್ ತನ್ನಿ, ಪೆನ್ಸಿಲ್ ತನ್ನಿ. ಪೆನ್ ಬೇಡ, ಅದು ಸೋಮವಾರದವರೆಗೂ ಬ್ಯಾಗಲ್ಲೇ ಇರಲಿ.

ಕ್ಯಾಂಟೀನಲ್ಲಿ ‘ಪಾಪ’ ಅಂದವನೇ, ನೀನೂ ಬಾ ಮಾರಾಯ. ಐದನೇ ಪುಟ ನಿನ್ನ ಕೈಲೇ ಓದಿಸ್ತೀವಿ.

#ಕೊಳಗಯಾರಕೈಲಿದೆ #ಓದಿಸಹಿಹಾಕಿ #ಹಾಡಿದವರಹಾಡು