ಟಮಾಲೆ ಅಂದ್ರೆ ಕಡುಬು ಕಣೋ!

ಕಳೆದ ಶನಿವಾರ ಅಮ್ಮನನ್ನು ಮಲ್ಲೇಶ್ವರಂನ ಹೊಸ ಏಷ್ಯನ್ ರೆಸ್ಟೋರೆಂಟ್‌ಗೆ ಕರ್ಕೊಂಡು ಹೋಗಿದ್ದೆ. ಮೆನುವಿನಲ್ಲಿ ‘ಫ್ಯೂಷನ್ ಟಮಾಲೆ’ ಕಂಡಿತು, ಮೂರಕ್ಕೆ 450 ರೂಪಾಯಿ! ಟಮಾಲೆ ಮೆಕ್ಸಿಕೋದ ತಿಂಡಿ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರುಬ್ಬಿ, ಹೂರಣವಿಟ್ಟು, ತೆನೆಯ ಒಣ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸ್ತಾರೆ. ಇಲ್ಲಿ ಹೂರಣಕ್ಕೆ ಕೊರಿಯಾದ ಖಾರ ಹಚ್ಚಿದ ತೋಫು.

ನಾನು ಇಷ್ಟೆಲ್ಲ ವಿವರಿಸುವಷ್ಟರಲ್ಲಿ ಅಮ್ಮ ಸಿಪ್ಪೆ ಬಿಡಿಸಿ, ಮೂಸಿ ನೋಡಿ ನಕ್ಕಳು. ‘ಇದು ನಮ್ಮ ಅರಿಶಿನ ಎಲೆ ಕಡುಬೇ ಕಣೋ. ಅಕ್ಕಿ ಬದಲು ಮೆಕ್ಕೆಜೋಳ, ಅಷ್ಟೇ.’ ಆಮೇಲೆ ಮೆಲ್ಲಗೆ, ‘ನಿಂಗೆ ಇಷ್ಟ ಇಲ್ಲ ಅಂತ ಮಾಡೋದೇ ಬಿಟ್ಟೆ’ ಅಂದಳು.

ನಿಜ. ಏಳನೇ ಕ್ಲಾಸಲ್ಲಿ ನನ್ನ ಡಬ್ಬಿ ನೋಡಿ ಫ್ರೆಂಡ್ಸ್ ‘ಎಲೆ ತಿಂತೀಯಾ?’ ಅಂತ ರೇಗಿಸಿದ್ದರು. ಮನೆಗೆ ಬಂದು ರಂಪ ಮಾಡಿದ್ದೆ. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಟಮಾಲೆ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ? ಆದರೆ ವಾಪಸ್ ಬರುವಾಗ ಎಂಟನೇ ಕ್ರಾಸಿನಲ್ಲಿ ಅರಿಶಿನ ಎಲೆ ಮಾರುತ್ತಿದ್ದರು, ಶ್ರಾವಣ ಅಲ್ವಾ? ಎರಡು ಕಟ್ಟು ತಗೊಂಡೆ. ಭಾನುವಾರ ಅಕ್ಕಿ ರುಬ್ಬಿದ್ದು ನಾನು, ಕಾಯಿ-ಬೆಲ್ಲದ ಹೂರಣ ಅಮ್ಮನದು. ಹರಿಯದಂತೆ ಎಲೆ ಮಡಚೋದು ಮಾತ್ರ ಇನ್ನೂ ಕಲಿಯಬೇಕು.